ಹಳೇ ಡ್ರೈವರ್, ಹೊಸ ಡ್ರೈವರ್

ಇವತ್ತು ಬಾಯಿ ಬಿಟ್ಟು ಕೆಟ್ಟೆ, ಗೆಳೆಯರೇ. ನೆಲಮಂಗಲದ ನನ್ನ ಫ್ಲೆಕ್ಸ್ ಅಂಗಡಿಗೆ ಒಬ್ಬರು ತೀರಿಕೊಂಡ ತಮ್ಮನ ಶ್ರದ್ಧಾಂಜಲಿ ಬ್ಯಾನರ್ ಮಾಡಿಸಲು ಬಂದಿದ್ದರು. ಫೋಟೊ ತೆರೆದರೆ ಲ್ಯಾಪ್‌ಟಾಪ್ ಪರದೆಯ ತುಂಬ ಬರೀ ಗೆರೆಗಳು, ಮುಖವೇ ಕಾಣಲಿಲ್ಲ.

"ಏನಾಯ್ತಪ್ಪಾ?" ಎಂದರು.

"ಪರದೆ ನಡೆಸೋ ಸಾಫ್ಟ್‌ವೇರು, ಗ್ರಾಫಿಕ್ಸ್ ಡ್ರೈವರ್ ಅಂತಾರೆ, ಅದು ಕೈ ಕೊಟ್ಟಿದೆ ಅಣ್ಣ. ಹಳೇ ಡ್ರೈವರ್ ಕಿತ್ತಾಕಿ ಹೊಸ ಡ್ರೈವರ್ ಹಾಕ್ಬಿಟ್ರೆ ಸರಿಹೋಗುತ್ತೆ."

ಅವರು ನನ್ನನ್ನೇ ನೋಡಿದರು. "ನಮ್ ತಮ್ಮ ಲಾರಿ ಡ್ರೈವರ್ ಕಣಪ್ಪಾ. ನಿನ್ನೆ ಮಣ್ಣು ಮಾಡಿದ್ವಿ. ಬೆಳಿಗ್ಗೆ ಓನರ್ರು ಹೊಸಬನ್ನ ಹತ್ತಿಸಿ ಲೋಡ್ ಕಳಿಸ್ಬಿಟ್ರು."

ನಾನು ತಲೆ ತಗ್ಗಿಸಿ ಮೌಸ್ ಒತ್ತಿದೆ. ಹಳೆಯ ಡ್ರೈವರನ್ನು ತೆಗೆಯುವ ಮೊದಲು ಲ್ಯಾಪ್‌ಟಾಪಾದರೂ "ನಿಜವಾಗಿಯೂ ತೆಗೆಯಬೇಕೇ?" ಎಂದು ಒಂದು ಮಾತು ಕೇಳಿತು.