ಜೀವದ ನೀರು ಯಾವ ಬಾವಿಗೆ?

ಕೌಜಲಗಿಯಿಂದ ಹೊರಟ ಮೊದಲ ಬಸ್ಸು ಕರಿಮಡ್ಡಿಯ ಹೆಬ್ಬಾಗಿಲಾದ ಅಗಸಿಗೆ ಬಂದು ನಿಲ್ಲುವಷ್ಟರಲ್ಲಿ ಪದ್ಮವ್ವನ ಮನೆಯಲ್ಲಿ ನೀರು ಸೋಸುವ ಕೆಲಸ ಮುಗಿದಿರುತ್ತಿತ್ತು. ದಪ್ಪ ಬಟ್ಟೆಯನ್ನು ಎರಡು ಪದರ ಮಾಡಿ ಕೊಡದ ಬಾಯಿಗೆ ಹೊದಿಸಿ, ನಳದ ನೀರನ್ನು ಅದರ ಮೇಲೆ ನಿಧಾನವಾಗಿ ಸುರಿಯುವುದು. ನೀರು ಇಳಿದ ಮೇಲೆ ಬಟ್ಟೆಯನ್ನು ಮಗುಚಿ, ಸೋಸಿದ ನೀರಿನಿಂದಲೇ ಜಾಲಿಸಿ, ಆ ನೀರನ್ನು ಒಂದು ಹಿತ್ತಾಳೆ ಗಿಂಡಿಯಲ್ಲಿ ಹಿಡಿಯುವುದು. ಬಟ್ಟೆಗೆ ಅಂಟಿಕೊಂಡ ಜೀವಗಳು, ಕಣ್ಣಿಗೆ ಕಾಣುವವೂ ಕಾಣದವೂ, ಆ ಗಿಂಡಿಯಲ್ಲಿರುತ್ತವೆ. ಅವನ್ನು ಬಂದ ಬಾವಿಗೇ ಮರಳಿ ಬಿಡಬೇಕು. ಬೇರೆ ಬಾವಿಯ ನೀರಿನಲ್ಲಿ ಅವು ಬದುಕುತ್ತವೆಂದು ಹೇಳುವಂತಿಲ್ಲ. ಜೈನರಲ್ಲಿ ಇದು ಹಳೆಯ ಪದ್ಧತಿ. ಪದ್ಮವ್ವನ ಮನೆಯಲ್ಲಿ ಗಿಂಡಿಯ ಆ ನೀರಿಗೆ ಜೀವದ ನೀರು ಎಂದೇ ಹೆಸರು.

ಆಕೆ ಹುಟ್ಟಿದ್ದು ಹುಕ್ಕೇರಿ ತಾಲೂಕಿನ ದಡ್ಡಿಯಲ್ಲಿ. ಹೊಳೆಯ ದಂಡೆಯ ಊರು, ಅಲ್ಲಿ ನೀರು ಎಲ್ಲಿಂದ ಬಂತೆಂದು ಯಾರೂ ಕೇಳುತ್ತಿರಲಿಲ್ಲ. ಮದುವೆಯಾಗಿ ಜಿನದತ್ತನ ಮನೆಗೆ, ಗೋಕಾಕ ತಾಲೂಕಿನ ಈ ಕಲ್ಲುಮಡ್ಡಿಯ ಊರಿಗೆ ಬಂದ ಮೇಲೆ ಕೇಳುವುದು ರೂಢಿಯಾಯಿತು. ಅದೇ ರೂಢಿ ಗ್ರಾಮಸಭೆಗೂ ನಡೆಯಿತು. ಹೆಂಗಸರು ಸಭೆಗೆ ಬಂದರೂ ಬಾಗಿಲಾಚೆ ನಿಲ್ಲುತ್ತಿದ್ದ ಕಾಲದಲ್ಲಿ ಪದ್ಮವ್ವ ಒಳಗೆ ಹೋಗಿ ಚಾಪೆಯ ಮೇಲೆ ಕುಳಿತಿದ್ದಳು. ಆಕೆ ದೊಡ್ಡ ಮಾತು ಆಡುತ್ತಿರಲಿಲ್ಲ. ರಸ್ತೆಯಿರಲಿ, ಗಟಾರವಿರಲಿ, ಕೇಳುತ್ತಿದ್ದುದು ಒಂದೇ: “ರೊಕ್ಕಾ ಎಲ್ಲಿಂದ ತಂದ್ರಿ, ಎಲ್ಲಿ ಹಾಕಿದ್ರಿ? ಇಷ್ಟ ಹೇಳ್ರಿ, ಸಾಕು.” ಪಂಚಾಯ್ತಿ ಅಧ್ಯಕ್ಷ ರಾಜಪ್ಪ ಇದಕ್ಕೆ ನಗುತ್ತಿದ್ದ. “ಅಕ್ಕಾರು ನಮ್ಮನ್ನೂ ಅರಿವ್ಯಾಗ ಹಾಕಿ ಸೋಸತಾರ ನೋಡ್ರಿ” ಎನ್ನುತ್ತಿದ್ದ.

ನೀರಿನ ವಿಷಯದಲ್ಲಿ ಮಾತ್ರ ಬಹಳ ವರ್ಷ ಕೇಳುವಂಥದ್ದೇನೂ ಇರಲಿಲ್ಲ. ಕುಡಿಯುವ ನೀರಿಗೆ ಊರಿಗೆಲ್ಲ ಒಂದೇ ಬಾವಿ, ಅಗಸಿಯ ಹೊರಗೆ ದೊಡ್ಡ ಹುಣಸೆಮರದ ಕೆಳಗೆ. ಅಲ್ಲಿಂದ ನೀರು ಕಲ್ಲುಮಡ್ಡಿಯ ದಿಬ್ಬದ ಮೇಲಿನ ಟಾಕಿಗೆ ಏರಿ ನಳಗಳಿಗೆ ಇಳಿಯುತ್ತಿತ್ತು. ಬಾವಿ ಹಳೆಯದು, ಕಟ್ಟೆ ಬಿರಿದದ್ದು. 1999ರ ಯುಗಾದಿಯ ಹೊತ್ತಿಗೆ ಪಂಚಾಯ್ತಿಯವರು ಹಳ್ಳದ ದಂಡೆಯಲ್ಲಿ ಹೊಸ ಬಾವಿ ತೋಡಿಸಿದರು. ಅದರ ಪಂಪಿನ ಕೋಣೆಯ ಗೋಡೆಯ ಮೇಲೆ ನೀಲಿ ಬಣ್ಣದಲ್ಲಿ ‘ಬಾವಿ, ಪಂಪು, ಟಾಕಿಯವರೆಗೆ ಕೊಳವೆ’ ಎಂದು ಬರೆಸಿ, ಕೆಳಗೆ ಖರ್ಚನ್ನೂ ಬರೆಸಿದರು. ಉದ್ಘಾಟನೆಯ ದಿನ ರಾಜಪ್ಪ ಗುಂಡಿ ಒತ್ತಿದ. ಊರೊಳಗೆ ನಳದಲ್ಲಿ ನೀರು ಬಂತು. ಎಲ್ಲರೂ ಚಪ್ಪಾಳೆ ತಟ್ಟಿ ಪೇಡೆ ತಿಂದರು. “ಇನ್ನ ಮ್ಯಾಲೆ ಊರೆಲ್ಲಾ ಹೊಸಾ ಬಾವಿ ನೀರs ಕುಡೀತೈತಿ” ಎಂದು ಆತ ಸಾರಿದ.

ಆ ಮಾತನ್ನು ನಂಬಿ ಪದ್ಮವ್ವ ಮರುದಿನದಿಂದ ಗಿಂಡಿ ಹಿಡಿದು ಹಳ್ಳದ ದಾರಿ ಹಿಡಿದಳು. ಹುಣಸೆ ಬಾವಿ ಮನೆಯ ಬಾಜೂಕ್ಕೇ ಇತ್ತು, ಇದು ಊರು ದಾಟಿ ಹೊಲ ದಾಟಿ. ಅದಕ್ಕೇನೂ ಆಕೆಗೆ ಬೇಸರವಿರಲಿಲ್ಲ. ಬೇಸರವಿದ್ದುದು ಬಾವಿಯ ಮೇಲಿನ ಕಬ್ಬಿಣದ ಜಾಳಿಗೆಗೆ. ಗಿಂಡಿಯ ತಳದಲ್ಲೊಂದು ಕೊಂಡಿಯಿತ್ತು. ಕೊರಳಿಗೆ ಕಟ್ಟಿದ ಹಗ್ಗದಿಂದ ನೀರಿನ ಮಟ್ಟಕ್ಕೆ ಇಳಿಸಿ, ಕೊಂಡಿಗೆ ಕಟ್ಟಿದ ಹಗ್ಗ ಎಳೆದು ಅಲ್ಲಿಯೇ ಬಗ್ಗಿಸಬೇಕು, ಜೀವಗಳು ಎತ್ತರದಿಂದ ಬೀಳಬಾರದು. ಜಾಳಿಗೆಯೊಳಗೆ ಗಿಂಡಿ ಹಿಡಿಸುತ್ತಿರಲಿಲ್ಲ. ಮೇಲಿನಿಂದಲೇ ಸುರಿದು, “ತಪ್ಪು ಹೊಟ್ಟ್ಯಾಗ ಹಾಕ್ಕೋರಿ” ಎಂದು ಕೈ ಮುಗಿದು ಬರುತ್ತಿದ್ದಳು.

ಮುಂಗಾರಿನ ಮೊದಲಿಗೆ ಬರುವ ಮಿರಗದ ಮಳೆ ಬಿದ್ದು ವಾರ ಕಳೆದಿತ್ತು. ಒಂದು ಬೆಳಗ್ಗೆ ಸೋಸುವ ಬಟ್ಟೆಯ ಮೇಲೆ ಹಳದಿ ಚೂರುಗಳು ಕಂಡವು. ಪದ್ಮವ್ವ ಒಂದನ್ನು ಬೆರಳಿನ ಮೇಲೆ ಬಿಡಿಸಿ ನೋಡಿದಳು. ಹಳದಿ ಎಸಳು, ಅದರಲ್ಲಿ ಕೆಂಪು ಗೀರು. ಹುಣಸೆ ಹೂವು.

ಆಕೆ ತಕ್ಷಣ ಯಾರಿಗೂ ಹೇಳಲಿಲ್ಲ. ಮೊದಲು ಟಾಕಿ ನೋಡಿ ಬಂದಳು. ಅದರ ಮೇಲೆ ಕಾಂಕ್ರೀಟಿನ ಮುಚ್ಚಳವಿತ್ತು, ಸುತ್ತ ಬರೀ ಕಲ್ಲು. ಹೊಸ ಬಾವಿಯ ಹತ್ತಿರ ಹುಡುಕಿದಳು, ಜಾಲಿಕಂಟಿ ಬಿಟ್ಟರೆ ಮರವಿಲ್ಲ. ಮರುದಿನ ಬೇರೆ ಬಟ್ಟೆಯಲ್ಲಿ ಸೋಸಿದಳು. ಮತ್ತೆ ಹುಣಸೆ ಹೂವು. ಹುಣಸೆ ಬಾವಿಗೆ ಹೋದಳು. ಅಲ್ಲಿನ ಪಂಪಿನ ಕೋಣೆಗೆ ಕೀಲಿ ಹಾಕಿತ್ತು, ಆದರೆ ಒಳಗೆ ಮೋಟಾರು ಗುಂಯ್ ಎನ್ನುತ್ತಿತ್ತು. ನೀರು ಬಿಡುವ ಮಾಲಿಂಗಪ್ಪ ಅಲ್ಲಿಯೇ ಕುಳಿತು ಬೀಡಿ ಸೇದುತ್ತಿದ್ದ.

“ಇದ್ಯಾಕೋ ಮಾಲಿಂಗಪ್ಪಾ, ಇನ್ನೂ ನಡದೈತಿ?”

“ದನದ ದೋಣಿಗೆ ಬಿಟ್ಟೇನ್ರಿ ಅವ್ವಾರ” ಎಂದ ಆತ, ಮುಖ ಆಚೆ ತಿರುಗಿಸಿ. ದನಗಳು ನೀರು ಕುಡಿಯುವ ಕಲ್ಲಿನ ದೋಣಿ ಒಣಗಿ ಅದರಲ್ಲಿ ನಾಯಿ ಮಲಗಿತ್ತು.

ಮನೆಗೆ ಬಂದವಳು ಜಗುಲಿಯ ಮೇಲೆ ಕುಳಿತುಬಿಟ್ಟಳು. ಜಿನದತ್ತ ಹೊಲದಿಂದ ಬಂದಾಗ ಗಿಂಡಿ ಇನ್ನೂ ತುಂಬಿಯೇ ಇತ್ತು.

“ಯಾಕ, ಇವತ್ತ ಹಳ್ಳಕ್ಕ ಹೋಗಲಿಲ್ಲೇನು?”

“ಯುಗಾದಿಯಿಂದ ನಾ ಹುಣಸಿ ಬಾವಿ ಜೀವಾ ಒಯ್ದು ಹಳ್ಳದ ಬಾವ್ಯಾಗ ಒಗದೇನ್ರಿ. ಅದೂ ಮ್ಯಾಲಿಂದ.”

“ಖರೆ ಅಂತ ಹ್ಯಾಂಗ ಹೇಳ್ತಿ?”

“ಖರೆ ಅಂತ ಹೇಳಾಕ ಬರೂದಿಲ್ಲ, ಅದs ತ್ರಾಸು. ಯಾವ ಬಾವಿ ಅಂತ ಖಾತ್ರಿ ಆಗೂತನಕಾ ಈ ಗಿಂಡಿ ಎಲ್ಲೂ ಬಗ್ಗಸಾಕ ಬರೂದಿಲ್ಲ.”

ಬಸದಿಯಲ್ಲಿ ಪೂಜೆ ಮಾಡುವ ಉಪಾಧ್ಯೆಯವರೂ ಅದನ್ನೇ ಹೇಳಿದರು. ತಪ್ಪಿಗೆ ಒಂದು ದಿನದ ನಿರ್ಜಲ ಉಪವಾಸ ಸಾಕು, ಆದರೆ ಮುಂದೆ ತಪ್ಪದಂತೆ ಮೊದಲು ಬಾವಿ ಯಾವುದೆಂದು ತಿಳಿದುಕೊಳ್ಳಬೇಕು. ಆ ವಾರವೇ ಗ್ರಾಮಸಭೆಯಿತ್ತು. ಪದ್ಮವ್ವ ಉಪವಾಸಕ್ಕೆ ಅದೇ ದಿನವನ್ನು ಆರಿಸಿಕೊಂಡಳು. ಅಲ್ಲಿಯವರೆಗೆ ನಳದ ನೀರು ಬಿಟ್ಟು ತಮ್ಮ ಹೊಲದ ಬಾವಿಯ ನೀರು ತರಿಸಿದಳು. ತುಂಬಿದ ಗಿಂಡಿ ದೇವರ ಗೂಡಿನ ಕೆಳಗೆ ಕುಳಿತಿತ್ತು.

ಸಭೆ ಶಾಲೆಯ ಪಡಸಾಲೆಯಲ್ಲಿ ಮೂರು ಗಂಟೆಗೆ ಸೇರಿತು. ಪದ್ಮವ್ವ ನೀರಿನ ಮಾತು ಎತ್ತಿದಾಗ ರಾಜಪ್ಪ, “ಅದು ಕಡೀಕ ಇರಲಿ ಅಕ್ಕಾರ” ಎಂದ. ಗಟಾರದ ಮಾತಾಯಿತು, ಬೀದಿದೀಪದ ಮಾತಾಯಿತು, ಮುಗಿದ ದೀಪದ ಮಾತೇ ಮತ್ತೊಮ್ಮೆ ಆಯಿತು. ಪದ್ಮವ್ವ ಹೊತ್ತು ಮುಳುಗುವ ಮೊದಲೇ ಉಣ್ಣುವವಳು, ಕತ್ತಲಾದ ಮೇಲೆ ತುತ್ತು ಮುಟ್ಟದವಳು ಎಂಬುದು ಊರಿಗೆಲ್ಲ ಗೊತ್ತು. ಬಿಸಿಲು ಗೋಡೆ ಏರುತ್ತಿದ್ದಂತೆ ರಾಜಪ್ಪನ ಮುಖ ಅರಳಿತು.

“ಅಕ್ಕಾರ, ಹೊತ್ತ ಮುಳುಗಾಕ ಬಂತು. ಮನಿಗಿ ಹೋಗಿ ಊಟಾ ಮಾಡ್ರಿ ಪಾಪ. ನಿಮ್ಮ ಮಾತ ಮುಂದಿನ ಸಭಾದಾಗ ನೋಡೋಣಂತ.”

“ಇವತ್ತ ನಂದು ಉಪವಾಸ ಐತ್ರಿ. ನೀವು ಮುಂಜಾನಿತನಕಾ ನಡಸಿದ್ರೂ ನಾ ಇಲ್ಲೇ ಇರ್ತೇನಿ.”

ಎದುರುಮನೆಯ ಯಲ್ಲವ್ವ ಸೆರಗು ಬಾಯಿಗಿಟ್ಟು ನಕ್ಕಳು. “ಈಗ ಅಧ್ಯಕ್ಷರಿಗೇ ಹಸದಂಗೈತಿ!” ಸಭೆಯೆಲ್ಲ ನಕ್ಕಿತು.

ರಾಜಪ್ಪ ಕುರ್ಚಿ ಸರಿಪಡಿಸಿಕೊಂಡ. “ಆತು, ಕೇಳ್ರಿ.”

“ನನ್ನ ಜೀವದ ನೀರ ಯಾವ ಬಾವಿಗಿ ಹಾಕಲಿ? ಇಷ್ಟ ಹೇಳ್ರಿ.”

“ಅಲ್ರೀ, ಇದು ಧರ್ಮದ ಮಾತು. ಪಂಚಾಯ್ತಿಗೇನ ಸಂಬಂಧ?”

“ಹಾಕೂದು ನನ್ನ ಧರ್ಮ. ನೀರ ಎಲ್ಲಿಂದ ಬಂತು ಅಂತ ಹೇಳೂದು ನಿಮ್ಮ ಧರ್ಮ. ಹೊಸಾ ಬಾವಿದು ಅಂತ ನೀವ ಹೇಳೀರಿ. ಅರಿವ್ಯಾಗ ಹುಣಸಿ ಹೂವ ಬರಾಕತ್ತಾವು.”

“ಗಾಳಿಗಿ ಹಾರಿ ಬಂದಿರತಾವು. ಬೇಕಾದ್ರ ಮಾಲಿಂಗಪ್ಪನ್ನ ಕೇಳ್ರಿ.”

ಮೂಲೆಯಲ್ಲಿ ಮಾಲಿಂಗಪ್ಪ ನೆಲ ನೋಡಿದ. ಪದ್ಮವ್ವ ಅವನ ಕಡೆ ತಿರುಗಲೇ ಇಲ್ಲ. “ಅವನ್ನ ಯಾಕ ಕೇಳೂದು? ಅವನ ಪಗಾರ ನಿಮ್ಮ ಕೈಯಾಗ ಐತಿ. ನಳಾ ಕೇಳೋಣು. ನಾಳಿದ್ದ ಟಾಕಿ ಬರಿದು ಮಾಡಿ, ಹುಣಸಿ ಬಾವಿ ಮೋಟಾರ ಬಂದ್ ಇಟ್ಟು, ಹೊಸಾ ಬಾವಿದು ಒಂದs ಚಾಲೂ ಮಾಡ್ರಿ. ನಳದಾಗ ನೀರ ಬಂದ್ರ ನಂದು ತಪ್ಪು. ಎಲ್ಲಾರ ಮುಂದ ಕೈ ಮುಗೀತೇನಿ.”

“ಬರದಿದ್ದರ?” ಎಂದಳು ಯಲ್ಲವ್ವ.

“ಬರದಿದ್ದರ ಅಧ್ಯಕ್ಷರು ಹೇಳಲಿ. ನಾ ನನ್ನ ತಪ್ಪಿಗಿ ಇವತ್ತ ಹನಿ ನೀರ ಮುಟ್ಟಿಲ್ಲ. ಪಂಚಾಯ್ತಿ ತನ್ನ ತಪ್ಪಿಗಿ ಏನ ಮಾಡತೈತಿ?”

ಹಿಂದಿನಿಂದ ಒಬ್ಬ, “ಮಾಡಿ ನೋಡ್ರಿ, ಅದ್ರಾಗೇನೈತಿ?” ಎಂದ. ಇನ್ನೂ ನಾಲ್ಕು ಜನ ಹೌದೆಂದರು. ರಾಜಪ್ಪ ಒಪ್ಪದೆ ಗತ್ಯಂತರವಿರಲಿಲ್ಲ.

ಮರುದಿನವೆಲ್ಲ ಪದ್ಮವ್ವ ಮನೆಮನೆಗೆ ಹೋಗಿ ಕೊಡ, ಹಂಡೆ, ಬಾನಿ ತುಂಬಿಟ್ಟುಕೊಳ್ಳಲು ಹೇಳಿದಳು. ತಾನು ಗೆದ್ದರೆ ಊರಿಗೆ ನೀರಿಲ್ಲ ಎಂಬುದು ಆಕೆಗೆ ಚೆನ್ನಾಗಿ ಗೊತ್ತಿತ್ತು. “ಇಷ್ಟೆಲ್ಲಾ ತುಂಬಸಾಕ ಹೇಳ್ತೀಯಲ್ಲಾ, ನಳಕ್ಕ ನೀರ ಬರೂದಿಲ್ಲಂತ ಅಷ್ಟ ಗ್ಯಾರಂಟೀನs?” ಎಂದು ಯಲ್ಲವ್ವ ಕೇಳಿದಳು. “ಸುಳ್ಳ ಹೇಳಾಕ ಹುಣಸಿ ಹೂವಿಗೇನ ವೋಟ ಬೇಕಾಗೇತೇನ?” ಎಂದಳು ಪದ್ಮವ್ವ.

ಪರೀಕ್ಷೆಯ ದಿನ ಹಳ್ಳದ ಪಂಪು ಎಲ್ಲರೆದುರು ಚಾಲೂ ಆಯಿತು. ಅದು ಚೆನ್ನಾಗಿಯೇ ಓಡಿತು. ಕೊಳವೆಯಲ್ಲಿ ನೀರು ಹೋಗುವ ಸದ್ದೂ ಕೇಳಿತು. ಸದ್ದಿನ ಬೆನ್ನು ಹತ್ತಿ ಜನ ನಡೆದರು. ಹೊಲದಾಚೆಯ ಕಂಟಿಯಲ್ಲಿ ಕೊಳವೆ ಮುಗಿದಿತ್ತು. ಅದರ ಬಾಯಿಂದ ನೀರು ಧೋ ಎಂದು ಬಿದ್ದು, ತಿರುಗಿ ಹಳ್ಳಕ್ಕೇ ಹರಿಯುತ್ತಿತ್ತು. ಅಲ್ಲಿಂದ ಟಾಕಿಯವರೆಗೆ ಬರೀ ಕಲ್ಲುಮಡ್ಡಿ, ಕೊಳವೆಯ ಸುಳಿವಿಲ್ಲ. ಊರಿನ ನಳಗಳು ಉಸ್ಸೆಂದು ಗಾಳಿ ಬಿಟ್ಟು ಸುಮ್ಮನಾದವು.

“ಕಾಂಟ್ರ್ಯಾಕ್ಟರ ಮಳಿ ಆದಮ್ಯಾಲೆ ಕಲ್ಲ ಒಡಸ್ತೇನಿ ಅಂದಿದ್ದಾ. ಕೆಲಸಾ ಮುಗದೈತಿ ಅಂತ ನಾ ಸಹಿ ಹಾಕಿ ಕೊಟ್ಟೆ” ಎಂದ ರಾಜಪ್ಪ, ಯಾರೂ ಕೇಳದೆಯೇ.

“ಅದನ್ನs ಆ ಗೋಡಿ ಮ್ಯಾಲೆ ಬರಸ್ರಿ” ಎಂದಳು ಪದ್ಮವ್ವ. ಧ್ವನಿಯಲ್ಲಿ ಸಿಟ್ಟಿರಲಿಲ್ಲ. “ಎಲ್ಲೀತನಕಾ ಬಂದೈತಿ, ಎಷ್ಟ ಉಳದೈತಿ. ನಾವೂ ದಿನಾ ನೋಡ್ಕೋತ ಹೋಗ್ತೇವಿ.”

ಬರೆಸಿದರು. ಗೋಕಾಕದಿಂದ ಎಂಜಿನಿಯರು ಬಂದು ಅಳೆದು ಹೋದರು. ಕಾಂಟ್ರ್ಯಾಕ್ಟರನ ಮುಂದಿನ ಬಿಲ್ಲು ನಿಂತಿತು, ಆತನ ಆಳುಗಳು ಬಂದರು. ನೀಲಿ ಅಕ್ಷರದ ಕೆಳಗೆ ಪ್ರತಿ ಸಂತೆಯ ದಿನ ಸುಣ್ಣದಲ್ಲಿ ಒಂದು ಸಾಲು ಬದಲಾಗುತ್ತಿತ್ತು. ಅದನ್ನು ಓದದೆ ಯಾರೂ ಆ ದಾರಿಯಲ್ಲಿ ಹೋಗುತ್ತಿರಲಿಲ್ಲ. ಅಲ್ಲಿಯವರೆಗೆ ಹಳೆಯ ಮೋಟಾರೇ ನಡೆಯಿತು, ಈ ಸಲ ಎಲ್ಲರಿಗೂ ಹೇಳಿಯೇ. ದೇವರ ಗೂಡಿನ ಕೆಳಗಿದ್ದ ಗಿಂಡಿಯನ್ನು ಪದ್ಮವ್ವ ಪರೀಕ್ಷೆಯ ದಿನವೇ ಹುಣಸೆ ಬಾವಿಗೆ ಇಳಿಸಿದಳು.

ಶ್ರಾವಣದಲ್ಲಿ ಹೊಸ ನೀರು ಬಂತು. ಬಟ್ಟೆಯ ಮೇಲೆ ಹಳ್ಳದ ಉಸುಕು, ಒಂದೆರಡು ಕೆಂಪು ಹುಳ. ಹೂವಿರಲಿಲ್ಲ. ಪದ್ಮವ್ವ ಗಿಂಡಿ ಹಿಡಿದು ಹಳ್ಳಕ್ಕೆ ಹೋದಾಗ ಮಾಲಿಂಗಪ್ಪ ಬಾವಿಯ ಜಾಳಿಗೆಗೆ ಕೊನೆಯ ತಿರುಪು ಬಿಗಿಯುತ್ತಿದ್ದ. ಜಾಳಿಗೆಯ ನಡುವೆ ಗಿಂಡಿ ಹಿಡಿಸುವಷ್ಟು ಒಂದು ಕಿಂಡಿ, ಅದಕ್ಕೊಂದು ಪುಟ್ಟ ಬಾಗಿಲು. ರಾಜಪ್ಪ ಬಾಜೂಕ್ಕೆ ನಿಂತಿದ್ದ.

ಪದ್ಮವ್ವ ಬಾಗಿಲನ್ನು ತೆಗೆದು ಮುಚ್ಚಿ ನೋಡಿದಳು. “ಚಲೋ ಆಗೈತಿ. ಇದನ್ನ ಯಾವ ಖರ್ಚಿನ್ಯಾಗ ಹಾಕೀರಿ?”

“ನನ್ನ ಕಿಸೇದಿಂದ ರೀ ಅಕ್ಕಾರ” ಎಂದ ರಾಜಪ್ಪ. “ಬೇಕಾದ್ರ ಸೋಸಿ ನೋಡ್ರಿ.”

ಆಕೆ ನಕ್ಕು, ಹಗ್ಗದ ಸುರುಳಿ ಬಿಚ್ಚಿ, ಗಿಂಡಿಯನ್ನು ಕಿಂಡಿಯೊಳಗಿಂದ ನೀರಿನ ಮಟ್ಟದವರೆಗೆ ಇಳಿಸಿ, ಮೆಲ್ಲಗೆ ಬಗ್ಗಿಸಿದಳು.