ಇರುವೆ ಮುಟ್ಟದ ಶಾವಿಗೆ

ಕಂಪೋಂಗ್ ಸ್ಪೂ ಹೆದ್ದಾರಿ ಬದಿಯಲ್ಲಿ ಇನ್ನೂ ನಸುಕು. ಕಂಬಗಳ ಮೇಲಿನ ಮನೆಯ ಕೆಳಗೆ ಸವೂನ್ ಒಲೆ ಹೊತ್ತಿಸಿಲ್ಲ. ಮಾವಿನ ಬುಡದಲ್ಲಿ ಕುಕ್ಕರುಗಾಲಲ್ಲಿ ಕೂತು, ಬಾಳೆಲೆ ಚೂರಿನ ಮೇಲಿಟ್ಟ ಒಂದೆಳೆ ಅಕ್ಕಿ ಶಾವಿಗೆಯನ್ನೇ ದಿಟ್ಟಿಸುತ್ತಿದ್ದಾರೆ. ಇರುವೆ ಸಾಲು ಪಕ್ಕದಲ್ಲೇ ಹಾದುಹೋಗುತ್ತದೆ. ಒಂದೂ ನಿಂತು ಮೂಸುವುದಿಲ್ಲ.

"ಮಾಂಸಕ್ಕೆ ನೊಣ ಸುಳೀಬೇಕು, ಶಾವಿಗೆಗೆ ಇರುವೆ ಬರ್ಬೇಕು. ಅವು ಬೇಡ ಅಂದಿದ್ದನ್ನ ನಾವ್ಯಾಕೆ ತಿನ್ನೋಣ?" ಎನ್ನುತ್ತಾರೆ. ಸಂತೆಯಲ್ಲಿ ಇವರ ತಲೆ ಕಂಡರೆ ಕಟುಕ ಕೂಗುತ್ತಾನೆ: "ಸವೂನಕ್ಕ ಬಂದ್ಳು, ನೊಣ ಕರೀರೋ!"

ತಿನ್ನುವುದಕ್ಕೆ ಕೆಡದಂತೆ ಏನೋ ಬೆರೆಸಿರುತ್ತಾರೆಂಬ ಈ ಅನುಮಾನ ಹುಟ್ಟಿದ್ದು ಗಾರ್ಮೆಂಟ್ಸ್‌ನಲ್ಲಿ ಹೊಲಿಯುತ್ತಿದ್ದಾಗ. ಗೇಟಿನೆದುರಿನ ಗಾಡಿಯಲ್ಲಿ ತಿಂದ ಗೆಳತಿ ಮೆಷಿನ್ ಮೇಲೇ ಕುಸಿದಳು, ಮತ್ತೆ ಏಳಲಿಲ್ಲ. ಸವೂನ್ ಸೂಜಿ ಬಿಟ್ಟು ಸೌಟು ಹಿಡಿದರು. ಈಗ ಕಾರ್ಖಾನೆಗೆ ಹೋಗುವ ಲಾರಿ ಹತ್ತುವ ಮುನ್ನ ಅರವತ್ತು ಹುಡುಗಿಯರು ಇವರ ಮನೆಯಲ್ಲಿ ತಿನ್ನುತ್ತಾರೆ. ಬೆಳ್ಳುಳ್ಳಿ ಕೆಂಪಾಗುತ್ತಲೇ ತೆಳ್ಳಗೆ ಹೆಚ್ಚಿದ ಹಂದಿಮಾಂಸ, ಹಿಂದೆಯೇ ಶಾವಿಗೆ, ಸೋಯಾ ಸಾಸು, ಮೀನಿನ ರಸ, ಚಿಟಿಕೆ ತಾಳೆಬೆಲ್ಲ. ಇಳಿಸುವಾಗ ಮೊಳಕೆಕಾಳು, ಮೇಲೊಂದು ಮೊಟ್ಟೆ.

ಇವತ್ತಿನದು ಮಾತ್ರ ಶಾವಿಗೆ ಮಾಡಿ ಮಾರುವ ಕಿಮ್‌ಹುಯ್ ಮನೆಯದು. ಮಗಳು ಚರಿಯಾಳನ್ನು ಕೊಡಲು ಒಪ್ಪಿರುವುದು ಆಕೆಯ ಮಗನಿಗೇ.

"ಅಮ್ಮಾ, ಇರುವೆ ಮಾತು ಕೇಳಿ ನನ್ನ ಮದ್ವೆ ನಿಲ್ಲಿಸ್ಬೇಡ," ಚರಿಯಾ ಪಿಸುಗುಟ್ಟುತ್ತಾಳೆ.

"ಬೀಗರು ಯಾರು ಅಂತ ಇರುವೆಗೇನು ಗೊತ್ತು?"

ಕಿಮ್‌ಹುಯ್ ಅಂಗಳದಲ್ಲೇ ಖಾಲಿ ಬುಟ್ಟಿಯನ್ನು ಬೈಕಿಗೆ ಕಟ್ಟುತ್ತಿದ್ದಾರೆ. ಸವೂನ್ ಒಲೆ ಹಚ್ಚಿ ಒಂದೇ ತಟ್ಟೆ ಹುರಿದು, ಎರಡೂ ಕೈಯಲ್ಲಿ ಹಿಡಿದು ಮುಂದಿಡುತ್ತಾರೆ.

"ತಿಂದು ಹೋಗಿ, ಬೀಗಿತ್ತಿ."

"ಅಯ್ಯೋ, ತಿಂದೇ ಬಂದೆ."

"ನನ್ನ ಕೈರುಚಿ ನೋಡದೆ ಮಗಳನ್ನ ಕರ್ಕೊಂಡು ಹೋಗ್ತೀರಾ?"

ಕಿಮ್‌ಹುಯ್ ಕೂರಲೇಬೇಕಾಯಿತು. ಮಾಂಸ ಹೋಗುತ್ತದೆ, ಮೊಟ್ಟೆ ಹೋಗುತ್ತದೆ, ಮೊಳಕೆಕಾಳೂ ಹೋಗುತ್ತದೆ. ಶಾವಿಗೆ ಮಾತ್ರ ತಟ್ಟೆಯಂಚಿಗೆ ಸರಿದು ಗುಡ್ಡೆಯಾಗುತ್ತದೆ.

"ಅದೇನು ಪಾಪ ಮಾಡ್ತು?"

ಕಿಮ್‌ಹುಯ್ ತಲೆ ಎತ್ತುವುದಿಲ್ಲ. "ಮಧ್ಯಾಹ್ನಕ್ಕೇ ಹಳಸತ್ತೆ ಅಂತ ಸಂತೇಲಿ ಬೈತಾರೆ. ಒಂಚೂರು ಪುಡಿ ಹಾಕಿದ್ದೆ. ಎಲ್ರೂ ಹಾಕ್ತಾರೆ."

"ನನ್ನ ಹುಡ್ಗೀರು ಲಾರಿ ಹತ್ತೋ ಹೊತ್ತಿಗೆ ಬಾಣಲೆ ಖಾಲಿ. ನನಗ್ಯಾಕೆ ಪುಡಿ?"

ತಂದ ಶಾವಿಗೆಯೆಲ್ಲ ಹಿತ್ತಲ ಗುಂಡಿ ಸೇರುತ್ತದೆ, ಹಂದಿಗೂ ಹಾಕುವುದಿಲ್ಲ. ಬಂದ ಹುಡುಗಿಯರಿಗೆ ಅನ್ನದ ಮೇಲೆ ಮಾಂಸ. ದಾನೆತ್ ಎಂಬ ತುಂಟಿ ಲಾರಿಯಿಂದಲೇ ಕೂಗುತ್ತಾಳೆ, "ಏನಕ್ಕಾ, ಇರುವೆ ರಜಾ ಹಾಕಿದ್ವಾ?"

"ಹೂಂ, ಮುಷ್ಕರ!" ಸವೂನ್ ಬೀಗರ ಹೆಸರೆತ್ತುವುದಿಲ್ಲ.

ಚರಿಯಾ ಅವತ್ತು ತಾಯಿಗೆ ಬೆನ್ನು ಹಾಕಿಕೊಂಡೇ ತಟ್ಟೆ ತೊಳೆದಳು.

ಮರುದಿನ ನಸುಕಿಗೇ ಬೈಕಿನ ಸದ್ದು. ಕಿಮ್‌ಹುಯ್ ತಂದ ಶಾವಿಗೆ ಪುಡಿಯಿಲ್ಲದೆ ಮೆತ್ತಗಿದೆ, ಎತ್ತಿದರೆ ತುಂಡಾಗುತ್ತದೆ. ಯಾರೂ ಹೇಳದೆಯೇ ಒಂದೆಳೆ ತೆಗೆದು ತಾವೇ ಮಾವಿನ ಬುಡಕ್ಕಿಡುತ್ತಾರೆ. ಇಬ್ಬರು ಬೀಗಿತ್ತಿಯರು ಅಕ್ಕಪಕ್ಕ ಕುಕ್ಕರಿಸುತ್ತಾರೆ. ಮನೆಯ ಏಣಿಯ ಮೇಲಿಂದ ಚರಿಯಾ ಬಗ್ಗಿ ನೋಡುತ್ತಿದ್ದಾಳೆ.

ಒಂದು ಇರುವೆ ಸಾಲು ಬಿಟ್ಟು ಬರುತ್ತದೆ. ಹಿಂದೆ ಇನ್ನೊಂದು.

ಸವೂನ್ ಎದ್ದು ಒಲೆ ಹೊತ್ತಿಸುತ್ತಾರೆ. ಇನ್ನು ಅವರಿಗಿರುವ ಆಸೆ ಒಂದೇ, ಮಗಳ ಮದುವೆ ಅಡುಗೆಯ ಬಾಣಲೆ ತಮ್ಮ ಕೈಯಲ್ಲೇ ಇರಬೇಕು, ಅಷ್ಟೇ.

"ಶಾವಿಗೆ ಬೀಗರ ಮನೇದೇ," ಎನ್ನುತ್ತಾರೆ. "ಆದ್ರೆ ಅವತ್ತೂ ಒಂದೆಳೆ ಇರುವೆಗಿಡ್ತೀನಿ."