ಹೊಲಿಗೆ ಶೆಡ್ಡಿಗೆ ತಜ್ಞರು ಬಂದದ್ದು

ಚಿತ್ರದುರ್ಗದಲ್ಲಿ ನಾನು ಆರು ವರ್ಷ ಕಾಲರು ಹೊಲಿದೆ. ಅಂಗಿ ಹೊಲಿದೆ ಎಂದು ಹೇಳಿಕೊಳ್ಳುವ ಆಸೆ ಇದೆ, ಆದರೆ ಅದು ಸುಳ್ಳಾಗುತ್ತದೆ. ಆ ಶೆಡ್ಡಿನಲ್ಲಿ ಇಡೀ ಅಂಗಿಯನ್ನು ಯಾರೂ ಹೊಲಿಯುತ್ತಿರಲಿಲ್ಲ. ಒಬ್ಬಳದು ತೋಳು, ಒಬ್ಬಳದು ಜೇಬು, ಇನ್ನೊಬ್ಬಳದು ಗುಂಡಿ ತೂರುವ ಕಾಜಾ. ಅಂಗಿ ಪೂರ್ತಿಯಾಗಿ ಹೇಗೆ ಕಾಣುತ್ತದೆ ಎಂದು ನೋಡಬೇಕಾದರೆ ಯಾವುದಾದರೂ ಶಾಲೆಯ ಮುಂದೆ ಹೋಗಿ ನಿಲ್ಲಬೇಕಿತ್ತು. ನಾವು ಹೊಲಿಯುತ್ತಿದ್ದುದು ಹೆಚ್ಚಾಗಿ ಶಾಲೆ ಮಕ್ಕಳ ಯೂನಿಫಾರ್ಮು.

ಶೆಡ್ಡು ಮೊದಲು ಶೇಂಗಾ ಗೋದಾಮಾಗಿತ್ತು. ಸಾಹುಕಾರರು ಶೇಂಗಾ ತೆಗೆಸಿ ನಮ್ಮನ್ನು ತುಂಬಿದರು, ಬೇರೇನನ್ನೂ ಬದಲಾಯಿಸಲಿಲ್ಲ. ತಗಡಿನ ಸೂರು. ಮೂರು ಕಿಟಕಿಗಳಿದ್ದವು, ಬಟ್ಟೆಯ ಮೇಲೆ ಧೂಳು ಕೂರುತ್ತದೆ ಎಂದು ಮೂರಕ್ಕೂ ಹಲಗೆ ಹೊಡೆಸಿದ್ದರು. ಧೂಳು ಬಾಗಿಲಿನಿಂದ ಬರುತ್ತಿತ್ತು. ಕಾಲಲ್ಲಿ ತುಳಿಯುವ ಇಪ್ಪತ್ತೆರಡು ಮಿಷಿನ್ನು, ಅವುಗಳ ಮುಂದೆ ನಾವು ಇಪ್ಪತ್ತೆರಡು ಹೆಂಗಸರು. ಫ್ಯಾನು ಒಂದೇ, ಅದು ಸಾಹುಕಾರರ ಕೋಣೆಯಲ್ಲಿ. ಅವರು ಇಲ್ಲದಾಗಲೂ ತಿರುಗುತ್ತಿತ್ತು.

ಬಟ್ಟೆ ಕತ್ತರಿಸಿ ಕೊಡುವ ಕಟಿಂಗ್ ಮಾಸ್ಟರು ಸಾಹುಕಾರರ ಬಾವಮೈದ. ಕತ್ತರಿಯನ್ನು ಹೇಗೆ ಹಿಡಿಯಬೇಕು ಎಂಬುದು ಅವರಿಗೆ ಗೊತ್ತಿತ್ತು, ಎಷ್ಟು ಹೊತ್ತು ಹಿಡಿಯಬೇಕು ಎಂಬುದು ಗೊತ್ತಿರಲಿಲ್ಲ. ಬೆಳಿಗ್ಗೆಯೊಮ್ಮೆ, ಊಟದ ಮೇಲೊಮ್ಮೆ ಬಂದು ಒಂದು ಥಾನು ಬಟ್ಟೆ ಹರಡಿ, ಅರ್ಧ ಕತ್ತರಿಸಿ, ಕಾಫಿಗೆ ಹೋಗುತ್ತಿದ್ದರು. ಕಾಫಿ ಹೋಟೆಲು ಎದುರಿಗೇ ಇದ್ದರೂ ಹಿರಿಯೂರಿಗೆ ಹೋಗಿ ಬಂದಷ್ಟು ಹೊತ್ತಾಗುತ್ತಿತ್ತು. ಅಲ್ಲಿಯವರೆಗೆ ನಾವು ಖಾಲಿ ಮಿಷಿನ್ನಿನ ಮುಂದೆ ಕೈ ಕಟ್ಟಿ ಕುಳಿತಿರುತ್ತಿದ್ದೆವು. ಸಾಹುಕಾರರು ಬಂದು ನೋಡಿದರೆ, ನಾವು ಸೋಮಾರಿಗಳು.

ತುರ್ತು ಪರಿಸ್ಥಿತಿಯ ಕಾಲ. ಮಾತು ಕಡಿಮೆ ಮಾಡಿ ದುಡಿಯಿರಿ ಎಂದು ಬಸ್ಸಿನೊಳಗೂ ಬರೆದಿರುತ್ತಿದ್ದರು. ಸಾಹುಕಾರರು ಸಣ್ಣ ಕೈಗಾರಿಕೆಯವರ ಯಾವುದೋ ಸಭೆಗೆಂದು ಬೆಂಗಳೂರಿಗೆ ಹೋಗಿ, ಒಂದು ಹೊಸ ಶಬ್ದ ಕಲಿತು ಬಂದರು: ಉತ್ಪಾದಕತೆ. ವಾರವೆಲ್ಲ ಅದನ್ನು ಎಲ್ಲರ ಮುಂದೂ ಹೇಳಿದರು. ಮಂಡಕ್ಕಿ ಮಾರಲು ಬರುತ್ತಿದ್ದ ಮುದುಕಿಗೂ ಹೇಳಿದರು. ಆಕೆ ತನ್ನ ಹತ್ತಿರ ಅದಿಲ್ಲ ಎಂದು ಹೇಳಿ ಹೋದಳು.

ಆಮೇಲೆ ಆ ಶಬ್ದದ ಹಿಂದೆಯೇ ತಜ್ಞರು ಬಂದರು. ಬೇಸಿಗೆಯ ನಡುಮಧ್ಯೆ, ಟೈ ಕಟ್ಟಿಕೊಂಡು. ಎಳೆಯ ವಯಸ್ಸು, ಒಳ್ಳೆಯ ಮೈಬಣ್ಣ, ಕೊರಳಿನಲ್ಲಿ ದಾರಕ್ಕೆ ಕಟ್ಟಿದ ಒಂದು ಗಡಿಯಾರ. ಗುಂಡಿ ಒತ್ತಿದರೆ ಓಡುತ್ತಿತ್ತು, ಮತ್ತೆ ಒತ್ತಿದರೆ ನಿಲ್ಲುತ್ತಿತ್ತು. ನಮ್ಮನ್ನು ಸಾಲಾಗಿ ನಿಲ್ಲಿಸಿ, ಹೆಸರು ನೆನಪಿಡುವುದರಲ್ಲಿ ಸಮಯ ಹೋಗುತ್ತದೆಂದು ಎಲ್ಲರಿಗೂ ಒಂದೊಂದು ನಂಬರು ಕೊಟ್ಟರು. ನಾನು ಒಂಬತ್ತು. ಹಿರೇಗುಂಟನೂರಿನಿಂದ ದಿನವೂ ನನ್ನ ಜೊತೆ ಒಂದೇ ಸೀಟಿನಲ್ಲಿ ಬರುತ್ತಿದ್ದ ಗೆಳತಿ ಹದಿನಾಲ್ಕು. ಎಲ್ಲರಿಗಿಂತ ಹಿರಿಯಳು, ಕಾಜಾ ತೆಗೆಯುತ್ತಿದ್ದ ವಿಧವೆ, ನಮಗೆಲ್ಲ ಕಾಜಾ ಅಮ್ಮ, ನಂಬರು ಒಂದು. ಕುರಿ ಕಾಯ್ದು ಬೆಳೆದವಳು. ಕುರಿಗಳಿಗೆ ನಂಬರು ಹಾಕುವುದನ್ನು ಸಂತೆಯಲ್ಲಿ ನೋಡಿದ್ದೆ, ಹಾಕಿಸಿಕೊಂಡದ್ದು ಇದೇ ಮೊದಲು ಎಂದಳು. ತಜ್ಞರು ಅದನ್ನು ಮೆಚ್ಚುಗೆ ಎಂದು ತಿಳಿದು ನಕ್ಕರು.

ಅವರಿಗೆ ಲೆಕ್ಕ ಬರೆಯಲು ಒಬ್ಬರು ಬೇಕಾಗಿತ್ತು. ಶೆಡ್ಡಿನಲ್ಲಿ ಎಸ್ಸೆಸ್ಸೆಲ್ಸಿ ಪಾಸಾದವಳು ನಾನೊಬ್ಬಳೇ. ಮಿಷಿನ್ನಿನಿಂದ ಎಬ್ಬಿಸಿ ಕುರ್ಚಿ ಕೊಟ್ಟರು, ಪೆನ್ಸಿಲು ಕೊಟ್ಟರು, ಗೆರೆ ಎಳೆದ ಹಾಳೆಗಳನ್ನು ಕೊಟ್ಟರು. ನಿಜ ಹೇಳುತ್ತೇನೆ, ನನಗೆ ಸಂತೋಷವಾಯಿತು. ಬೆನ್ನು ಆನಿಸಿ ಕೂರುವ ಕುರ್ಚಿಯಲ್ಲಿ ಅದುವರೆಗೆ ನಾನು ಕುಳಿತದ್ದು ಫೋಟೋ ತೆಗೆಸುವಾಗ ಮಾತ್ರ.

ತಜ್ಞರು ಒಬ್ಬೊಬ್ಬಳ ಹಿಂದೆ ನಿಂತು ಗುಂಡಿ ಒತ್ತುವುದು, ಅಂಕಿ ಕೂಗುವುದು, ನಾನು ಬರೆದುಕೊಳ್ಳುವುದು. ಹಿಂದೆ ಗಂಡಸು ನಿಂತಿದ್ದರೆ ಯಾವ ಹೆಂಗಸಿನ ಹೊಲಿಗೆ ನೆಟ್ಟಗೆ ಬರುತ್ತದೆ? ಜೇಬು ಹೊಲಿಯುವವಳು ಆ ದಿನ ಒಂದು ಜೇಬನ್ನು ತನ್ನ ಸೆರಗಿಗೇ ಸೇರಿಸಿ ಹೊಲಿದಳು. ಅದನ್ನು ಬಿಚ್ಚಲು ಹಿಡಿದ ನಿಮಿಷಗಳನ್ನೂ ತಜ್ಞರು ಬರೆಸಿದರು.

ಎರಡನೆಯ ದಿನವೇ ಅವರಿಗೆ ರೋಗ ಪತ್ತೆಯಾಯಿತು. ನಾವು ನೀರು ಕುಡಿಯುತ್ತಿದ್ದೆವು. ಕುಡಿದದ್ದಕ್ಕೆ ಹೊರಗೂ ಹೋಗುತ್ತಿದ್ದೆವು. ಶೆಡ್ಡಿಗೆ ಪಾಯಿಖಾನೆ ಇರಲಿಲ್ಲ. ಹಿಂದಿನ ಬಂಡೆಯ ಮರೆಗೆ, ಜಾಲಿ ಗಿಡಗಳ ನಡುವೆ ಹೋಗಬೇಕು. ಪಕ್ಕದ ಎಣ್ಣೆ ಮಿಲ್ಲಿನ ಲಾರಿಯವರು ಅಲ್ಲೇ ಬೀಡಿ ಸೇದುತ್ತ ನಿಂತಿದ್ದರೆ ಅವರು ಹೋಗುವವರೆಗೆ ಕಾಯಬೇಕು. ತಜ್ಞರು ಹೋದ ಹೊತ್ತನ್ನೂ ಬಂದ ಹೊತ್ತನ್ನೂ ಬರೆಸಿದರು. ಏಕೆ ಅಷ್ಟು ಹೊತ್ತಾಯಿತು ಎಂದು ಕೇಳಲಿಲ್ಲ. ಹಾಳೆಯಲ್ಲಿ ಅದಕ್ಕೆ ಜಾಗವಿರಲಿಲ್ಲ.

ಅವರು ಸೂಚಿಸಿದ ಪರಿಹಾರ ಬಹಳ ಸರಳವಾಗಿತ್ತು. ನಮ್ಮ ನಡುವೆ ಇದ್ದ ನೀರಿನ ಗುಡಾಣವನ್ನು ಎತ್ತಿಸಿ, ಅಂಗಳ ದಾಟಿ ಸಾಹುಕಾರರ ಕೋಣೆಯ ಮುಂದೆ ಇಡಿಸಿದರು. ಸಾಹುಕಾರರ ಎದುರಿಗೆ ಹೋಗಿ ಪದೇ ಪದೇ ಯಾರು ನೀರು ಕುಡಿಯುತ್ತಾರೆ? ನೀರು ಕಡಿಮೆಯಾದರೆ ಹೊರಗೆ ಹೋಗುವುದೂ ಕಡಿಮೆಯಾಗುತ್ತದೆ. ಎಷ್ಟು ಕಡಿಮೆಯಾಗುತ್ತದೆ ಎಂಬ ಭಾಗಾಕಾರವನ್ನು ನಾನೇ ಮಾಡಿಕೊಟ್ಟೆ. ಚೆನ್ನಾಗಿ ಮಾಡಿದ್ದೀಯ ಎಂದರು. ಅದರಿಂದಲೂ ನನಗೆ ಸಂತೋಷವಾಯಿತು.

ಜೊತೆಗೆ ಒಂದು ಕರಿಹಲಗೆ ತೂಗುಹಾಕಿದರು. ಆ ದಿನ ಎಲ್ಲರಿಗಿಂತ ಹೆಚ್ಚು ಸಮಯ ಹಾಳು ಮಾಡಿದವಳ ನಂಬರನ್ನು ಅದರ ಮೇಲೆ ದೊಡ್ಡದಾಗಿ ಬರೆಯಬೇಕು. ನನ್ನ ಅಕ್ಷರ ದುಂಡಗಿತ್ತು. ಸತತವಾಗಿ ನಾಲ್ಕು ದಿನ ನಾನು ಅಲ್ಲಿ ಬರೆದದ್ದು ಹದಿನಾಲ್ಕು.

ನಾಲ್ಕು ದಿನವೂ ಅವಳು ಬಸ್ಸಿನಲ್ಲಿ ನನ್ನ ಪಕ್ಕದಲ್ಲೇ ಕುಳಿತಿದ್ದಳು. ನಾನು ಏನೂ ಕೇಳಲಿಲ್ಲ. ಗಡಿಯಾರ ಹೇಳಿದ್ದನ್ನು ಬರೆಯುವುದು ನನ್ನ ಕೆಲಸ, ಅದರಲ್ಲಿ ನನ್ನದೇನಿದೆ ಎಂದುಕೊಂಡಿದ್ದೆ. ಕುರ್ಚಿಯಲ್ಲಿ ಕುಳಿತವರಿಗೆ ಇಂಥ ಮಾತು ಬಹಳ ಬೇಗ ಹೊಳೆಯುತ್ತದೆ.

ಐದನೆಯ ದಿನ ಮಧ್ಯಾಹ್ನ ತಗಡು ಕಾದು ಚಟಚಟ ಎನ್ನುತ್ತಿತ್ತು. ಹದಿನಾಲ್ಕನೆಯ ಮಿಷಿನ್ನಿನ ಸದ್ದು ನಿಂತಿತು. ತಜ್ಞರು ಅಭ್ಯಾಸಬಲದಿಂದ ಗುಂಡಿ ಒತ್ತಿದರು. ತಿರುಗಿ ನೋಡಿದರೆ ಅವಳು ಮಿಷಿನ್ನಿನ ಹಲಗೆಯ ಮೇಲೆ ತಲೆ ಇಟ್ಟು, ಹಾಗೇ ಪಕ್ಕಕ್ಕೆ ಜಾರುತ್ತಿದ್ದಳು. ಕಾಜಾ ಅಮ್ಮ ಓಡಿ ಹಿಡಿದುಕೊಂಡಳು. ಮುಖಕ್ಕೆ ಎರಚಲು ನೀರು ಬೇಕಿತ್ತು, ನೀರು ಅಂಗಳದಾಚೆ ಇತ್ತು. ಯಾರೋ ಓಡಿಹೋಗಿ ತರುವವರೆಗೆ ಅಮ್ಮ ಅವಳನ್ನು ತೊಡೆಯ ಮೇಲೆ ಮಲಗಿಸಿಕೊಂಡು, ಒಂದು ಅಂಗಿಯ ಬೆನ್ನಿನ ತುಂಡಿನಿಂದ ಗಾಳಿ ಬೀಸಿದಳು. ಆಮೇಲೆ ತಲೆ ಎತ್ತಿ ತಜ್ಞರನ್ನು ನೋಡಿದಳು.

"ಸ್ವಾಮೇರ, ಇವಳು ನಾಕು ತಿಂಗಳ ಬಸುರಿ. ನಿಮ್ಮ ಹಾಳೆಯಾಗೆ ಅದನ್ನ ಬರಿಯಾಕೆ ಎಲ್ಲಾದ್ರೂ ಜಾಗ ಐತಾ?"

ತಜ್ಞರು ಕೆಟ್ಟವರಲ್ಲ. ಅವರ ಮುಖ ಬಿಳಿಚಿಕೊಂಡಿತ್ತು. ಆದರೆ ಅವರು ನಿಜವಾಗಿಯೂ ಹಾಳೆಯನ್ನು ನನ್ನ ಕೈಯಿಂದ ತೆಗೆದುಕೊಂಡು, ಮೇಲಿನಿಂದ ಕೆಳಗಿನವರೆಗೆ ಹುಡುಕಿದರು. ಕೊನೆಗೆ ನನ್ನ ಕಡೆ ಬಗ್ಗಿ, ಮೆಲ್ಲನೆ, "ಇತರೆ ಅಂತ ಒಂದು ಕಾಲಂ ಇದೆಯಲ್ಲ, ಅದರಲ್ಲಿ ಹಾಕಿ" ಎಂದರು.

ಹಾಕಿದೆ. ಆ ಹಾಳೆಯಲ್ಲಿ ಅದು ಹಾಗೇ ಉಳಿಯಿತು: ಹದಿನಾಲ್ಕು, ಇತರೆ, ಇಪ್ಪತ್ತು ನಿಮಿಷ.

ಸಂಜೆ ಬಸ್ ಸ್ಟ್ಯಾಂಡಿನಲ್ಲಿ ಅವಳ ಚೀಲ ಹಿಡಿದುಕೊಳ್ಳಲು ಹೋದೆ. ಕೊಡಲಿಲ್ಲ. "ನನ್ನ ಗುರ್ತು ನಿಂಗೈತೆ ಅಂದ್ಕಂಡಿದ್ದೆ ಕಣೇ" ಎಂದಷ್ಟೇ ಹೇಳಿ, ಬಸ್ಸು ಹತ್ತಿ ಬೇರೆ ಯಾರದೋ ಪಕ್ಕದಲ್ಲಿ ಕುಳಿತಳು. ಮರುದಿನದಿಂದ ಅವಳು ಕೆಲಸಕ್ಕೆ ಬರಲಿಲ್ಲ.

ನಾನು ಪೆನ್ಸಿಲನ್ನು ತಜ್ಞರಿಗೆ ಹಿಂದಿರುಗಿಸಿ ಮಿಷಿನ್ನಿಗೆ ಮರಳಬೇಕು ಎಂದುಕೊಂಡೆ. ಅದನ್ನು ಕಾಜಾ ಅಮ್ಮನಿಗೆ ಹೇಳಿದೆ. ಆಕೆ ನೂಲನ್ನು ಹಲ್ಲಿನಿಂದ ಕಡಿದಳು.

"ಬಿಟ್ರೆ ಇನ್ನೊಬ್ಬಳನ್ನ ಕುಂಡ್ರುಸ್ತಾರೆ. ನೀನೇ ಬರಿ. ಆದ್ರೆ ಎಲ್ಲಾನೂ ಬರಿ. ನಾವು ಎದ್ದು ಹೋಗಾದು ಒಂದೇ ಬರಿಬ್ಯಾಡ, ನಾವು ಸುಮ್ಕೆ ಯಾಕೆ ಕುಂತಿರ್ತೀವಿ ಅದನ್ನೂ ಬರಿ."

ಬರೆಯಲು ಅನುಕೂಲವೂ ಒದಗಿತು. ತಜ್ಞರಿಗೆ ಕೋಟೆ ನೋಡುವ ಹುಚ್ಚು ಹಿಡಿದಿತ್ತು. ಆ ಘಟನೆಯಾದ ಮೇಲೆ ಶೆಡ್ಡಿನೊಳಗೆ ನಿಲ್ಲಲು ಅವರಿಗೂ ಮನಸ್ಸಿರಲಿಲ್ಲ ಎಂದು ಈಗ ಅನ್ನಿಸುತ್ತದೆ. ಊಟವಾದ ಕೂಡಲೇ ಗಡಿಯಾರವನ್ನು ನನ್ನ ಕೊರಳಿಗೆ ಹಾಕಿ ಬೆಟ್ಟದ ಕಡೆ ಹೊರಡುತ್ತಿದ್ದರು. ಹೀಗೆ ಒಂದು ವಾರ ಚಿತ್ರದುರ್ಗದ ಉತ್ಪಾದಕತೆ ನನ್ನ ಕೊರಳಲ್ಲಿ ನೇತಾಡಿತು.

ನಾನು ಹಾಳೆಯ ಬೆನ್ನಿಗೆ ಹೊಸ ಗೆರೆಗಳನ್ನು ಎಳೆದೆ. ಕತ್ತರಿಸಿದ ಬಟ್ಟೆಗಾಗಿ ಕಾದದ್ದು. ಅಡ್ಡಾದಿಡ್ಡಿ ಕತ್ತರಿಸಿದ್ದನ್ನು ಸರಿಮಾಡಿಕೊಂಡದ್ದು. ಲಡ್ಡಾದ ದಾರ ಕಿತ್ತುಹೋಗಿ ಮತ್ತೆ ಪೋಣಿಸಿದ್ದು. ಸೂಜಿಯ ಕಣ್ಣು ಕಾಣದೆ ಬೆಳಕಿಗೆಂದು ಬಾಗಿಲವರೆಗೆ ಹೋಗಿ ಬಂದದ್ದು. ಬಂಡೆಯ ಹಿಂದೆ ಗಂಡಸರು ಸರಿಯುವವರೆಗೆ ನಿಂತದ್ದು. ಕಟಿಂಗ್ ಮಾಸ್ಟರ ಹೆಸರನ್ನಾಗಲಿ ಕಾಫಿಯನ್ನಾಗಲಿ ಎಲ್ಲೂ ಬರೆಯಲಿಲ್ಲ, ಅಷ್ಟು ಧೈರ್ಯವಿರಲಿಲ್ಲ. 'ಕಟಿಂಗ್ ಮೇಜು ಖಾಲಿ' ಎಂದು ಬರೆದು ಎದುರಿಗೆ ಹೊತ್ತು ನಮೂದಿಸಿದೆ. ಮೇಜು ಖಾಲಿ ಇದ್ದದ್ದು ಮೇಜಿನ ತಪ್ಪು ಎಂದು ಯಾರು ಬೇಕಾದರೂ ಅಂದುಕೊಳ್ಳಬಹುದಿತ್ತು.

ವರದಿ ಒಪ್ಪಿಸುವ ದಿನ ಬಂತು. ಸಾಹುಕಾರರ ಕೋಣೆಯಲ್ಲಿ ಚಹಾ, ಖಾರಾ ಬೂಂದಿ. ಸಾಹುಕಾರರು, ಅವರ ಬಾವಮೈದ, ತಜ್ಞರು. ತಜ್ಞರು ಇಂಗ್ಲಿಷಿನಲ್ಲಿ ಓದಿ ಬೆಳೆದವರು, ನನ್ನ ಕನ್ನಡ ಅಕ್ಷರ ಓದಲು ತಡವರಿಸುತ್ತಿದ್ದರು. ಹೀಗಾಗಿ ನನ್ನನ್ನೇ ಕರೆಸಿ, ಮೊತ್ತಗಳನ್ನು ಓದು ಎಂದರು. ಹಾಳೆಯ ಬೆನ್ನನ್ನು ಅವರು ಅದುವರೆಗೆ ತಿರುಗಿಸಿ ನೋಡಿರಲಿಲ್ಲ.

ಮೊದಲು ಮುಂದಿನ ಮಗ್ಗುಲು ಓದಿದೆ. ನಮ್ಮ ನೀರು, ನಮ್ಮ ಬಂಡೆ. ಸಾಹುಕಾರರು ತಲೆಯಾಡಿಸುತ್ತಿದ್ದರು. ಬಾವಮೈದ ಬೂಂದಿ ತಿನ್ನುತ್ತ, ಈ ಹೆಂಗಸರನ್ನು ಹದ್ದುಬಸ್ತಿನಲ್ಲಿ ಇಡಬೇಕು ಎಂದು ನಾನು ಮೊದಲಿನಿಂದ ಹೇಳುತ್ತಿಲ್ಲವೇ ಎಂದರು. ಆಮೇಲೆ ಹಾಳೆ ತಿರುಗಿಸಿದೆ. ನಾವು ಹೊರಗೆ ಹೋಗಿ ಬಂದ ಹೊತ್ತೆಲ್ಲ ಸೇರಿದರೂ ಕಟಿಂಗ್ ಮೇಜು ಖಾಲಿ ಎಂದು ನಾವೆಲ್ಲ ಸುಮ್ಮನೆ ಕುಳಿತ ಹೊತ್ತಿನ ಕಾಲು ಭಾಗವೂ ಆಗಿರಲಿಲ್ಲ. ಓದಿ ಓದಿ ನನಗೆ ಬಾಯಾರಿತ್ತು. ಗುಡಾಣ ಬಾಗಿಲಲ್ಲೇ ಇದ್ದರೂ ನೀರು ಕೇಳಲು ಅದು ಸಮಯವಲ್ಲ.

ಬಾವಮೈದ ಬೂಂದಿ ಅಗಿಯುವುದನ್ನು ನಿಲ್ಲಿಸಿದ್ದರು. ಸಾಹುಕಾರರು ತಜ್ಞರ ಕಡೆ ತಿರುಗಿದರು.

"ಇದನ್ನ ಅಳೀರಿ ಅಂತ ಯಾರು ಹೇಳಿದ್ರು?"

ತಜ್ಞರು ನನ್ನನ್ನು ನೋಡಿದರು. ನಾನು ನೆಲ ನೋಡಿದೆ. ಅವರು ಟೈ ಸರಿಮಾಡಿಕೊಂಡು, ಇದೇ ನಮ್ಮ ಪದ್ಧತಿ, ಎಲ್ಲವನ್ನೂ ಅಳೆಯುತ್ತೇವೆ, ಯಾರನ್ನೂ ಬಿಡುವುದಿಲ್ಲ ಎಂದರು. ನನ್ನ ವಾರದ ಕೆಲಸವನ್ನು ಒಂದೇ ಉಸಿರಿನಲ್ಲಿ ತಮ್ಮದು ಮಾಡಿಕೊಂಡರು. ಆಗ ಹೊಟ್ಟೆ ಉರಿಯಿತು. ಆದರೆ ಕಾಲರು ಹೊಲಿಯುವವಳು ಕಂಡುಹಿಡಿದದ್ದಾಗಿದ್ದರೆ ಅದು ಚಾಡಿಯಾಗುತ್ತಿತ್ತು, ಅಂದೇ ನನ್ನನ್ನು ಮನೆಗೆ ಕಳಿಸುತ್ತಿದ್ದರು. ಬೆಂಗಳೂರಿನಿಂದ ಬಂದವರು ಹೇಳಿದ್ದರಿಂದ ಅದು ವಿಜ್ಞಾನವಾಯಿತು.

ಬಾವಮೈದನನ್ನು ಕೆಲಸದಿಂದ ತೆಗೆಯುವಂತಿರಲಿಲ್ಲ, ಸಾಹುಕಾರರೂ ಮನೆಗೆ ಹೋಗಿ ಊಟ ಮಾಡಬೇಕಲ್ಲ. ಅದಕ್ಕೆ ಅವರನ್ನು ಮೇಲ್ವಿಚಾರಕರನ್ನಾಗಿ ಮಾಡಿ, ದೂರದ ಮೂಲೆಯಲ್ಲಿ ಮೇಜು ಕುರ್ಚಿ ಹಾಕಿಸಿಕೊಟ್ಟರು. ಕತ್ತರಿಸುವುದಕ್ಕೆ ಹೊಳಲ್ಕೆರೆಯಿಂದ ಒಬ್ಬ ವಯಸ್ಸಾದ ದರ್ಜಿ ಬಂದರು. ಅವರು ಕಾಫಿ ಕುಡಿಯುತ್ತಿರಲಿಲ್ಲ. ಕಿಟಕಿಯ ಹಲಗೆಗಳನ್ನು ಕಿತ್ತರು. ಗುಡಾಣ ಒಳಗೆ ಬಂತು. ಕರಿಹಲಗೆಯನ್ನು ಯಾರೂ ತೆಗೆಯಲಿಲ್ಲ, ಅದರ ಮೇಲೆ ಜೇಬಿನವಳು ಟಿಫನ್ ಡಬ್ಬಿ ತೂಗುಹಾಕತೊಡಗಿದಳು. ತಿಂಗಳೊಳಗೆ ಅಂಗಿಗಳು ಹೆಚ್ಚಾದವು. ನಾವು ಮೊದಲಿಗಿಂತ ಬೇಗ ತುಳಿಯುತ್ತಿರಲಿಲ್ಲ. ಸುಮ್ಮನೆ ಕೂರುವುದು ತಪ್ಪಿತ್ತು, ಅಷ್ಟೇ.

ಪಾಯಿಖಾನೆಯೂ ಆಯಿತು. ಬಾಗಿಲಿಗೆ ಅಡ್ಡ ರಿಬ್ಬನ್ ಕಟ್ಟಿ, ಸಾಹುಕಾರರಿಂದ ಕತ್ತರಿಸಿ ಉದ್ಘಾಟನೆ ಮಾಡಿಸಿದರು. ಅದಕ್ಕೆಂದೇ ತಜ್ಞರು ಮತ್ತೊಮ್ಮೆ ಬಂದು, ಮನುಷ್ಯನೇ ಎಲ್ಲಕ್ಕಿಂತ ಬೆಲೆಬಾಳುವ ಯಂತ್ರ ಎಂದು ಭಾಷಣ ಮಾಡಿದರು. ಭಾಷಣ ಉದ್ದವಾಯಿತು. ಬೆಳಗಿನಿಂದ ಬಂಡೆಯ ಕಡೆ ಹೋಗದೆ ಕಾದಿದ್ದ ಇಪ್ಪತ್ತೊಂದು ಹೆಂಗಸರು ಕಾಲು ಬದಲಿಸುತ್ತ ನಿಂತೆವು. ಮಿಷಿನ್ನಿಗಾದರೆ ಎಣ್ಣೆ ಬಿಡುತ್ತಾರೆ, ನಮಗೆ ಭಾಷಣ ಬಿಡುತ್ತಿದ್ದಾರೆ ಎಂದು ಕಾಜಾ ಅಮ್ಮ ನನ್ನ ಕಿವಿಯಲ್ಲಿ ಹೇಳಿದಳು.

ಮುಂದಿನ ಭಾನುವಾರ ನಾನು ಗೆಳತಿಯ ಮನೆಗೆ ಹೋದೆ. ಒಂದೇ ಊರಿನಲ್ಲಿದ್ದರೂ ಅದುವರೆಗೆ ಆ ಬೀದಿಗೆ ಹೋಗುವ ಮುಖವಿರಲಿಲ್ಲ. ಅವಳು ಜಗಲಿಯ ಮೇಲೆ ಮೊರದಲ್ಲಿ ಹುರುಳಿ ಹಸನು ಮಾಡುತ್ತಿದ್ದಳು. ಹೊಟ್ಟೆ ಚೆನ್ನಾಗಿ ಕಾಣುತ್ತಿತ್ತು. ನಾನು ಎದುರಿಗೆ ಕುಳಿತು ಕಲ್ಲು ಆರಿಸತೊಡಗಿದೆ. ಅಂಗೈಯಲ್ಲಿ ಕಲ್ಲು ಕೂಡಿದ ಮೇಲೆ, ನಾನು ಆ ಹಲಗೆಯ ಮೇಲೆ ಬರೆಯಬಾರದಿತ್ತು ಎಂದೆ.

"ಬರಿಯಾದು ಬಿಡು," ಎಂದಳು. "ಯಾಕೆ ಅಷ್ಟು ಸರ್ತಿ ಏಳ್ತೀಯ ಅಂತ ಒಂದು ಮಾತು ಕೇಳ್ಬೇಕಿತ್ತು."

ನಾನು ಮೊರದಿಂದ ಇನ್ನೊಂದು ಕಲ್ಲು ಆರಿಸಿದೆ. ಹುರುಳಿ ಮುಗಿಯುತ್ತ ಬಂದಾಗ ಅವಳೇ, ಪಾಯಿಖಾನೆ ಕಟ್ಟಿದರಂತೆ, ಹೇಗಿದೆ ಎಂದು ಕೇಳಿದಳು. ಚೆನ್ನಾಗಿದೆ, ಆದರೆ ಹೊಸ ಮೇಲ್ವಿಚಾರಕರು ಮುಂದೆ ನಿಂತು ಕಟ್ಟಿಸಿದ್ದರಿಂದ ಚಿಲಕವನ್ನು ಹೊರಗಡೆಗೆ ಮಾತ್ರ ಹಾಕಿದ್ದಾರೆ ಎಂದೆ. ಹಾಗಾದರೆ ಒಳಗೆ ಹೋದವರು ಏನು ಮಾಡುತ್ತಾರೆ ಎಂದಳು. ಇನ್ನೊಬ್ಬಳು ಹೊರಗೆ ನಿಂತು ಬಾಗಿಲು ಹಿಡಿದುಕೊಳ್ಳುತ್ತಾಳೆ ಎಂದೆ.

ಅವಳು ಮೊರ ಕೆಳಗಿಟ್ಟಳು. "ಅಂದ್ರೆ ಮೊದ್ಲು ಒಬ್ಬೊಬ್ರೇ ಎದ್ದು ಹೋಗ್ತಿದ್ವಿ, ಈಗ ಇಬ್ಬಿಬ್ರು ಹೋಗ್ತೀರೇನೇ?"

ಹೌದು ಎಂದೆ. ಅವಳು ನಗಲು ಶುರುಮಾಡಿದಳು. ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಕುರಿಹಟ್ಟಿಯಲ್ಲಿದ್ದ ಅವಳ ಅತ್ತೆ ಏನಾಯಿತೋ ಎಂದು ಗಾಬರಿಯಿಂದ ಓಡಿಬಂದರು. ಅವರಿಗೆ ಹೇಳಲು ಹೋಗಿ ನಾನೂ ನಕ್ಕೆ, ಹೇಳಲು ಆಗಲಿಲ್ಲ.

ಭಾದ್ರಪದದ ಕೊನೆಯಲ್ಲಿ ಅವಳಿಗೆ ಹೆಣ್ಣು ಮಗುವಾಯಿತು. ಮಗು ನಡೆಯಲು ಕಲಿತ ಮೇಲೆ ಅದನ್ನು ಅತ್ತೆಯ ಹತ್ತಿರ ಬಿಟ್ಟು ಮತ್ತೆ ಕೆಲಸಕ್ಕೆ ಬಂದಳು. ನಂಬರುಗಳನ್ನು ಆಗಲೇ ಎಲ್ಲರೂ ಮರೆತಿದ್ದರು. ಹೊಳಲ್ಕೆರೆಯ ದರ್ಜಿ ಎಲ್ಲರನ್ನೂ ಹೆಸರು ಹಿಡಿದೇ ಕರೆಯುತ್ತಿದ್ದರು, ಅವಳ ಹೆಸರನ್ನೂ ಮೊದಲ ದಿನವೇ ಕೇಳಿ ತಿಳಿದುಕೊಂಡರು.